ನಾಲ್ಕನೆಯ ದಿನದ ಆ ಒಂದು ಸಾಲು

ಸಣ್ಣ ಗುಂಪುಗಳನ್ನು ಹೊರದೇಶಗಳಿಗೆ ಕರೆದೊಯ್ದು, ಊರು ತೋರಿಸಿ, ಸುರಕ್ಷಿತವಾಗಿ ಕರೆತರುವ ಟೂರ್ ಮ್ಯಾನೇಜರ್ ಕೆಲಸ ನನ್ನದು. ಹೆಸರು ಬರೆಸುವ ಮುನ್ನ ಜನರು ಹೋಟೆಲ್ ಎಂಥದು, ವೀಸಾ ಶುಲ್ಕ ಸೇರಿದೆಯೇ, ಒಬ್ಬರೇ ಬಂದರೆ ಕೋಣೆಗೆ ಹೆಚ್ಚುವರಿ ಎಷ್ಟು ಎಂದೆಲ್ಲ ವಿಚಾರಿಸುತ್ತಾರೆ. ಕಾರ್ಯಕ್ರಮ ಪಟ್ಟಿಯ ಮೂರನೆಯ ಅಥವಾ ನಾಲ್ಕನೆಯ ದಿನದ ಕೆಳಗೆ ಒಂದೇ ಸಾಲಿನಲ್ಲಿ ಅಚ್ಚಾಗಿರುವ ‘ರತ್ನಗಂಬಳಿ ನೇಯ್ಗೆ ಕೇಂದ್ರಕ್ಕೆ ಭೇಟಿ’ ಎಂದರೇನು ಎಂದು ಕೇಳಿದವರು ಮಾತ್ರ ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು. ಪ್ರವಾಸದಲ್ಲಿ ಅವರ ಕೈಯಿಂದ ಒಂದೇ ಸಲಕ್ಕೆ ಅತಿ ದೊಡ್ಡ ಮೊತ್ತ ಜಾರುವುದು ಎಷ್ಟೋ ಸಲ ಆ ಸಾಲಿನಲ್ಲಿಯೇ.

ಆ ಕೇಂದ್ರ ಹಳೆಯ ಪೇಟೆಯೊಳಗೆ ಇರುವುದಿಲ್ಲ. ಹೆದ್ದಾರಿಯ ಬದಿಯಲ್ಲಿ, ಬಸ್ಸು ನಿಲ್ಲಲು ಜಾಗವಿರುವ, ಹತ್ತಿರದಲ್ಲಿ ಬೇರೆ ಅಂಗಡಿಯೇ ಇಲ್ಲದ ಕಡೆ ಇರುತ್ತದೆ. ಟರ್ಕಿಯ ಕಪಡೋಕಿಯಾ ಪ್ರದೇಶವನ್ನು ಸುತ್ತಿ ಬಂದವರಿಗೆ ಇದರ ಕ್ರಮ ಗೊತ್ತಿದೆ: ಬಿಸಿನೀರಿನಲ್ಲಿ ತೇಲುವ ರೇಷ್ಮೆಗೂಡುಗಳಿಂದ ಎಳೆ ಬಿಚ್ಚುವುದನ್ನು, ಮಗ್ಗದ ಮುಂದೆ ಕುಳಿತ ಹೆಣ್ಣುಮಗಳು ಗಂಟು ಹಾಕುವುದನ್ನು ತೋರಿಸಿ, ಗೋಡೆಗುಂಟ ಬೆಂಚುಗಳಿರುವ ದೊಡ್ಡ ಹಜಾರಕ್ಕೆ ಕರೆದು ಚಹಾ ಕೊಡುತ್ತಾರೆ. ಗಂಬಳಿಗಳು ಒಂದೊಂದಾಗಿ ಗಾಳಿಯಲ್ಲಿ ಬಿಚ್ಚಿಕೊಂಡು ಕಾಲ ಬುಡಕ್ಕೆ ಬಂದು ಬೀಳುತ್ತವೆ. ಇಷ್ಟರವರೆಗಿನದು ನೋಡತಕ್ಕದ್ದೇ, ಗಂಟು ಹಾಕುವ ಬೆರಳುಗಳ ವೇಗವನ್ನು ನಾನು ಇಂದಿಗೂ ಬೇಸರವಿಲ್ಲದೆ ನೋಡುತ್ತೇನೆ. ಅನಂತರ ಐದಾರು ಮಾರಾಟಗಾರರು ಬಂದು, ಗುಂಪನ್ನು ಇಬ್ಬಿಬ್ಬರಂತೆ ಬಿಡಿಸಿ ಬೇರೆ ಬೇರೆ ಕೋಣೆಗಳಿಗೆ ಕರೆದೊಯ್ದಾಗ ಆ ದಿನದ ನಿಜವಾದ ವ್ಯವಹಾರ ಶುರುವಾಗುತ್ತದೆ.

ಅಲ್ಲಿ ಮಾರಾಟವಾದುದರಲ್ಲಿ ಗೈಡಿಗೆ, ಚಾಲಕನಿಗೆ, ಸ್ಥಳೀಯ ಏಜೆಂಟನಿಗೆ ಪಾಲು ಇರುವುದು ಈ ವೃತ್ತಿಯಲ್ಲಿ ಯಾರಿಗೂ ಹೊಸದಲ್ಲ. ಏಜೆಂಟನು ನಮಗೆ ಕಡಿಮೆ ದರ ಹೇಳುವಾಗಲೇ ಈ ಕಮಿಷನ್ನನ್ನು ಲೆಕ್ಕಕ್ಕೆ ಹಿಡಿದಿರುತ್ತಾನೆ. ಆ ಸಾಲನ್ನು ಹೊಡೆದು ಹಾಕಿ ಎಂದರೆ ತಲೆಗೆ ಇಷ್ಟು ಎಂದು ದರ ಏರಿಸುತ್ತಾನೆ. ಆ ವ್ಯತ್ಯಾಸವೇ ಆ ‘ಉಚಿತ’ ಭೇಟಿಯ ಬೆಲೆ. ನಾನು ಈಗ ಎರಡೂ ದರಗಳನ್ನು ಪ್ರಯಾಣಿಕರ ಮುಂದೆ ಇಡುತ್ತೇನೆ. ಈ ಬುದ್ಧಿ ನನಗೆ ತಡವಾಗಿ ಬಂದದ್ದು. ಆರಂಭದ ವರ್ಷಗಳಲ್ಲಿ 14 ಮಂದಿಯ ಗುಂಪೊಂದನ್ನು ಇಂಥದೇ ಕೇಂದ್ರಕ್ಕೆ ಕರೆದೊಯ್ದಿದ್ದೆ. ಹಿರಿಯ ದಂಪತಿ ಅಪ್ಪಟ ರೇಷ್ಮೆಯದೆಂದು ಕೊಂಡ ಗಂಬಳಿಯ ಕುಚ್ಚಿನಿಂದ ಒಂದು ಎಳೆಯನ್ನು ಆ ಸಂಜೆ ಹೋಟೆಲಿನಲ್ಲಿ ಕತ್ತರಿಸಿ ಸುಟ್ಟು ನೋಡಿದೆವು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು ತುದಿ ಗಂಟುಗಟ್ಟಬೇಕಿತ್ತು. ಬಂದದ್ದು ಕಾಗದ ಸುಟ್ಟ ವಾಸನೆ, ಉಳಿದದ್ದು ಬೂದಿ. ಅದು ವಿಸ್ಕೋಸ್, ಎಂದರೆ ಮರದ ತಿರುಳಿನಿಂದ ತೆಗೆದ ಕೃತಕ ನೂಲಾಗಿತ್ತು. ಅಂಗಡಿಯನ್ನು ಆರಿಸಿದವನು ಏಜೆಂಟ್, ಒಳಗೆ ಕರೆದೊಯ್ದವನು ನಾನು.

ಇಂಥ ಕಡೆ ಸಣ್ಣ ಗುಂಪಿಗೆ ಒಂದು ತೊಡಕಿದೆ. 45 ಸೀಟಿನ ಬಸ್ಸಿನಲ್ಲಿ ಬಂದವರಲ್ಲಿ ಹತ್ತು ಮಂದಿ ಮೆಲ್ಲಗೆ ಹೊರಗೆ ಜಾರಿದರೆ ಯಾರಿಗೂ ಗೊತ್ತಾಗುವುದಿಲ್ಲ. 12 ಮಂದಿ ಇದ್ದಾಗ ಪ್ರತಿಯೊಬ್ಬರ ಹೆಸರೂ ಮಾರಾಟಗಾರನಿಗೆ ಚಹಾ ಮುಗಿಯುವುದರೊಳಗೆ ತಿಳಿದಿರುತ್ತದೆ, ಏನೂ ಕೊಳ್ಳದೆ ಎದ್ದು ಬರಲು ಸಂಕೋಚವಾಗುತ್ತದೆ. ಗುಂಪು ಸಣ್ಣದಾದಷ್ಟೂ ಮುಲಾಜು ದೊಡ್ಡದು. ಅದೇ 12 ಮಂದಿಯನ್ನು ಹಳೆಯ ಬಜಾರಿನೊಳಗೆ ಬಿಟ್ಟರೆ ಲೆಕ್ಕ ತಿರುಗಿಬೀಳುತ್ತದೆ: ಇಕ್ಕಟ್ಟಾದ ಓಣಿಯಲ್ಲೂ ಎಲ್ಲರೂ ಒಂದೇ ಮಾತು ಕೇಳಿಸಿಕೊಳ್ಳಬಹುದು, ಕುಶಲಕರ್ಮಿಯ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಬಹುದು, ಒಂದು ಅಂಗಡಿಯ ಬೆಲೆ ಹಿಡಿಸದಿದ್ದರೆ ಮೂರು ಹೆಜ್ಜೆಯಾಚೆ ಅದೇ ವಸ್ತು ಇನ್ನೊಂದು ಅಂಗಡಿಯಲ್ಲಿದೆ.

ಆದುದರಿಂದ ಕಾರ್ಯಕ್ರಮ ಪಟ್ಟಿಯಲ್ಲಿ ನೋಡಬೇಕಾದದ್ದು ಬಜಾರಿನೊಳಗೆ ಎಷ್ಟು ಗಂಟೆ ಬಿಡುವು ಇದೆ, ಯಾವ ವಾರ ಇದೆ ಎಂಬುದನ್ನು. ಇಸ್ತಾಂಬುಲ್‌ನ ಗ್ರ್ಯಾಂಡ್ ಬಜಾರ್ ಭಾನುವಾರ ತೆರೆಯುವುದಿಲ್ಲ. ಮೊರಾಕೋದ ಫೆಸ್ ನಗರದ ಹಳೆಯ ಪೇಟೆಯಲ್ಲಿ ಶುಕ್ರವಾರ ಮಧ್ಯಾಹ್ನ ಬಹುಪಾಲು ಅಂಗಡಿಗಳು ಬಾಗಿಲು ಹಾಕಿರುತ್ತವೆ. ‘ಭಾನುವಾರ: ಗ್ರ್ಯಾಂಡ್ ಬಜಾರಿನಲ್ಲಿ ಖರೀದಿ’ ಎಂದು ಅಚ್ಚಾಗಿದ್ದ ಪಟ್ಟಿಯೊಂದು ನನ್ನ ಮೇಜಿನ ಮೇಲೂ ಬಂದಿತ್ತು, ಆ ದಿನ ಗುಂಪನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದರು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಗ್ರ್ಯಾಂಡ್ ಬಜಾರನ್ನು ಟರ್ಕಿಯವರು ಕಪಾಲಿಚಾರ್ಶಿ, ಎಂದರೆ ಚಾವಣಿಯ ಪೇಟೆ, ಎಂದು ಕರೆಯುತ್ತಾರೆ. ಒಟ್ಟೊಮನ್ ಸುಲ್ತಾನ ಎರಡನೆಯ ಮೆಹಮೆತ್ 1453ರಲ್ಲಿ ನಗರವನ್ನು ಗೆದ್ದ ಕೆಲವೇ ವರ್ಷಗಳಲ್ಲಿ ಇದರ ಕಟ್ಟಡ ಆರಂಭವಾಯಿತು. ಮೊದಲು ಎದ್ದದ್ದು ಬೆಡೆಸ್ತೆನ್: ದಪ್ಪ ಗೋಡೆ, ಮೇಲೆ ಸಾಲು ಗುಮ್ಮಟ, ರಾತ್ರಿ ಭದ್ರವಾಗಿ ಮುಚ್ಚುವ ಬಾಗಿಲುಗಳಿದ್ದು, ಬೆಲೆಬಾಳುವ ಬಟ್ಟೆ, ಒಡವೆಗಳನ್ನು ಇಡುತ್ತಿದ್ದ ಕಲ್ಲಿನ ಕಟ್ಟಡ. ಅದರ ಬಾಡಿಗೆ ಅಂದು ಮಸೀದಿಯಾಗಿದ್ದ ಹಾಗಿಯಾ ಸೋಫಿಯಾದ ನಿರ್ವಹಣೆಗೆ ಸಲ್ಲುತ್ತಿತ್ತು. ಅದರ ಸುತ್ತ ಒಂದೊಂದು ಕಸುಬಿನವರು ಒಂದೊಂದು ಬೀದಿ ಹಿಡಿದು ಬೆಳೆದು, ಈಗ 60ಕ್ಕೂ ಹೆಚ್ಚು ಬೀದಿಗಳು, ಸುಮಾರು 4,000 ಅಂಗಡಿಗಳು ಒಂದೇ ಚಾವಣಿಯಡಿ ಸೇರಿವೆ. ಬೀದಿಯ ಹೆಸರುಗಳಲ್ಲಿ ಹಳೆಯ ಕಸುಬು ಉಳಿದುಕೊಂಡಿದೆ. ಕಲ್ಪಾಕ್ಚಿಲಾರ್ ಎಂದರೆ ಟೊಪ್ಪಿಗೆ ಮಾಡುವವರ ಬೀದಿ. ಇಂದು ಅದರ ಎರಡೂ ಬದಿ ಚಿನ್ನದಂಗಡಿಗಳು. ಉಜ್ಬೇಕಿಸ್ತಾನದ ಬುಖಾರಾದಲ್ಲಿಯೂ ಬೀದಿಗಳು ಕೂಡುವಲ್ಲಿ 16ನೆಯ ಶತಮಾನದಲ್ಲಿ ಕಟ್ಟಿದ ಗುಮ್ಮಟದ ಮಾರುಕಟ್ಟೆಗಳಿಗೆ ಅಕ್ಕಸಾಲಿಗರ, ಸರಾಫರ, ಟೊಪ್ಪಿಗೆಯವರ ಹೆಸರುಗಳೇ ಇವೆ.

ಈ ಏರ್ಪಾಡು ಕೊಳ್ಳುವವನಿಗೆ ಬಹಳ ಅನುಕೂಲ. ಒಂದೇ ಬೀದಿಯಲ್ಲಿ ಒಂದೇ ಬಗೆಯ ಸರಕು ಇರುವುದರಿಂದ ಮೊದಲ ಅರ್ಧ ಗಂಟೆ ಬರಿದೇ ಬೆಲೆ ಕೇಳುತ್ತ ನಡೆದರೆ ಪೇಟೆಯ ದರ ತಾನಾಗಿ ತಿಳಿಯುತ್ತದೆ. ನನ್ನ ಗುಂಪಿನವರಿಗೆ ಮೊದಲ 40 ನಿಮಿಷ ಪರ್ಸ್ ಮುಟ್ಟದಿರುವಂತೆ ಹೇಳುತ್ತೇನೆ. ಆ ಹೊತ್ತಿನಲ್ಲಿ ಬೆಡೆಸ್ತೆನ್ ನೋಡಿಕೊಂಡು, ಅಂಚಿನಲ್ಲಿರುವ ಜಿಂಜಿರ್ಲಿ ಹಾನ್‌ಗೆ ಹೋಗುತ್ತೇವೆ. ನಡುವೆ ಕಾರಂಜಿ, ಸುತ್ತ ಎರಡಂತಸ್ತಿನ ಅಂಗಡಿಗಳಿರುವ ಪುಟ್ಟ ಅಂಗಳ ಅದು. ಹತ್ತು ಹೆಜ್ಜೆಯಾಚೆಯ ಗದ್ದಲ ಅಲ್ಲಿ ಕೇಳಿಸುವುದಿಲ್ಲ. ಅಲ್ಲಿಂದ ಗುಂಪನ್ನು ಬಿಡುಬಿಡಿಯಾಗಿ ಕಳುಹಿಸುತ್ತೇನೆ. ಮತ್ತೆ ಸೇರುವುದು ಕಡ್ಡಾಯವಾಗಿ ಬಜಾರಿನ ಹೊರಗೆ, ನೂರುಒಸ್ಮಾನಿಯೆ ಬಾಗಿಲಿನಲ್ಲಿ. ಇಪ್ಪತ್ತಕ್ಕೂ ಹೆಚ್ಚು ಬಾಗಿಲುಗಳಿರುವ ಕಡೆ ‘ಒಳಗೆ ಆ ದೀಪದ ಅಂಗಡಿಯ ಹತ್ತಿರ’ ಎಂದವರನ್ನು ಹುಡುಕಿಕೊಂಡು ನಾನು ಸಾಕಷ್ಟು ಅಲೆದಿದ್ದೇನೆ. ದೀಪದ ಅಂಗಡಿಗಳಿಗೆ ಅಲ್ಲಿ ಲೆಕ್ಕವಿಲ್ಲ.

ಗಂಬಳಿ ಕೊಳ್ಳುವವರು ಮೊದಲು ಅದನ್ನು ಮಗುಚಿ ಹಾಕಬೇಕು. ಕೈಯಿಂದ ಗಂಟು ಹಾಕಿದ ಗಂಬಳಿಯ ವಿನ್ಯಾಸ ಬೆನ್ನಿನಲ್ಲಿಯೂ ಮುಖದಷ್ಟೇ ಸ್ಪಷ್ಟವಾಗಿ ಕಾಣುತ್ತದೆ, ಒಂದೊಂದು ಗಂಟೂ ಸಣ್ಣ ಕಾಳಿನಂತೆ ಎದ್ದು ತೋರುತ್ತದೆ, ಸಾಲುಗಳು ಅಲ್ಲಲ್ಲಿ ಕೂದಲೆಳೆಯಷ್ಟು ಓರೆಯಾಗಿರುತ್ತವೆ. ಕುಚ್ಚು ಇನ್ನೊಂದು ಸಾಕ್ಷಿ: ಕೈನೇಯ್ಗೆಯಲ್ಲಿ ಹಾಸಿನ, ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ, ನೂಲೇ ಮುಂದುವರಿದು ಕುಚ್ಚಾಗುತ್ತದೆ, ಯಂತ್ರದ ಗಂಬಳಿಗೆ ಅದನ್ನು ಆಮೇಲೆ ಹೊಲಿದು ಅಂಟಿಸಿರುತ್ತಾರೆ. ಟರ್ಕಿಯ ಗಂಟು ಹಾಸಿನ ಎರಡು ಎಳೆಗಳನ್ನೂ ಸುತ್ತಿ ನಡುವಿನಿಂದ ಹೊರಬರುತ್ತದೆ; ಪರ್ಷಿಯದ ಗಂಟು ಒಂದನ್ನು ಸುತ್ತಿ, ಪಕ್ಕದ ಎಳೆಯ ಅಡಿಯಲ್ಲಿ ಹಾಯ್ದುಹೋಗುತ್ತದೆ. ಎರಡೆಳೆ ಸುತ್ತಿದ ಟರ್ಕಿಯ ಗಂಟೇ ಶ್ರೇಷ್ಠ ಎಂದು ವಾದಿಸುವ ವ್ಯಾಪಾರಿ ಬಹುಶಃ ಆ ಗಂಟಿನ ಸರಕನ್ನೇ ಇಟ್ಟಿರುತ್ತಾನೆ. ‘ನಾವೇ ಮನೆಗೆ ಕಳುಹಿಸುತ್ತೇವೆ’ ಎಂದರೆ ಬೆನ್ನಿನ ಮೂಲೆಯಲ್ಲಿ ನಿಮ್ಮ ಸಹಿ ಹಾಕಿ ಫೋಟೊ ತೆಗೆದುಕೊಳ್ಳಿ. ಸಾಧ್ಯವಾದರೆ ಹೊತ್ತುಕೊಂಡೇ ಬನ್ನಿ. ಒಳ್ಳೆಯ ಅಂಗಡಿಯವರು ಅದನ್ನು ದಿಂಬಿನಷ್ಟು ಚಿಕ್ಕದಾಗಿ ಕಟ್ಟಿಕೊಡುತ್ತಾರೆ.

ಇಸ್ತಾಂಬುಲ್‌ನ ಮಸಾಲೆ ಬಜಾರಿನಲ್ಲಿ, ಅಂದರೆ ಹೊಸ ಮಸೀದಿಯ ಖರ್ಚಿಗೆಂದು 1660ರ ದಶಕದಲ್ಲಿ ಕಟ್ಟಿದ ಮಿಸಿರ್ ಚಾರ್ಶಿಯಲ್ಲಿ, ಅಗ್ಗಕ್ಕೆ ರಾಶಿ ಹಾಕಿರುವ ‘ಕೇಸರಿ’ ಹೆಚ್ಚಾಗಿ ಕುಸುಬೆ ಹೂವಿನ ಎಸಳು. ನಿಜವಾದ ಕೇಸರಿಯ ಎಳೆ ಒಂದು ತುದಿಯಲ್ಲಿ ತುತ್ತೂರಿಯ ಬಾಯಿಯಂತೆ ಅಗಲವಾಗಿದ್ದು, ನೀರಿಗೆ ಹಾಕಿದರೆ ನಿಧಾನವಾಗಿ ಹಳದಿ ಬಿಡುತ್ತದೆ, ತಾನು ಕೆಂಪಾಗಿಯೇ ಉಳಿಯುತ್ತದೆ. ಬೆಳ್ಳಿಯ ಮೇಲೆ 925 ಮುದ್ರೆ, 18 ಕ್ಯಾರೆಟ್ ಚಿನ್ನದ ಮೇಲೆ 750 ಮುದ್ರೆ ನೋಡಿ. ಫೆಸ್‌ನ ಚುವಾರಾ ಚರ್ಮ ಹದಮಾಡುವ ತೊಟ್ಟಿಗಳನ್ನು ನೋಡಲು ಹತ್ತುವ ಮಾಳಿಗೆಗಳು ಚರ್ಮದಂಗಡಿಗಳವೇ. ಮೂಗಿಗೆ ಹಿಡಿಯಲು ಪುದೀನದ ಕಡ್ಡಿ ಕೊಟ್ಟವನಿಗೆ ಸಣ್ಣ ಭಕ್ಷೀಸು ಕೊಟ್ಟು ಇಳಿದು ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಚೌಕಾಸಿಯ ಬಗ್ಗೆ ಜನರು ನನ್ನಿಂದ ಶೇಕಡಾವಾರು ಸೂತ್ರ ಕೇಳುತ್ತಾರೆ. ಅರ್ಧಕ್ಕೆ ಕೇಳಿ ಎಂಬ ಸಲಹೆಗೆ ಅರ್ಥವಿಲ್ಲ, ಏಕೆಂದರೆ ಮೊದಲ ಬೆಲೆ ಹೇಳುವವನೇ ಆ ಅರ್ಧವನ್ನೂ ನಿರ್ಧರಿಸಿರುತ್ತಾನೆ. ಸುತ್ತಾಡಿ ತಿಳಿದ ಪೇಟೆಯ ದರವೇ ಆಧಾರವಾಗಿರಲಿ. ಬೇಡದ ವಸ್ತುವಿಗೆ ತಮಾಷೆಗೂ ಬೆಲೆ ಹೇಳಬಾರದು. ನೀವು ಹೇಳಿದ ಬೆಲೆಗೆ ಅವನು ಒಪ್ಪಿದ ಮೇಲೆ ಹಿಂದೆ ಸರಿಯುವುದು ಅಲ್ಲಿ ಮಾತಿಗೆ ತಪ್ಪಿದಂತೆ. ಚಹಾ ಕುಡಿದ ಮಾತ್ರಕ್ಕೆ ಕೊಳ್ಳುವ ಹಂಗಿಲ್ಲ. ಕಾರ್ಡ್ ಯಂತ್ರವು ನಿಮ್ಮ ದೇಶದ ಹಣದಲ್ಲೋ ಸ್ಥಳೀಯ ಹಣದಲ್ಲೋ ಎಂದು ಕೇಳಿದರೆ ಸ್ಥಳೀಯ ಹಣವನ್ನೇ ಒತ್ತಿ. ಇನ್ನೊಂದನ್ನು ಒತ್ತಿದರೆ ವಿನಿಮಯದ ದರವನ್ನು ಆ ಯಂತ್ರದ ಹಿಂದಿನವರೇ ಗೊತ್ತುಮಾಡುತ್ತಾರೆ.

‘ಇದು ನೂರಾರು ವರ್ಷ ಹಳೆಯದು’ ಎಂಬ ಮಾತು ಸುಳ್ಳಾಗಿದ್ದರೆ ಹಣ ಹೋಗುತ್ತದೆ, ನಿಜವಾಗಿದ್ದರೆ ಇನ್ನೂ ದೊಡ್ಡ ತೊಂದರೆ. 1983ರ 2863ನೆಯ ಸಂಖ್ಯೆಯ ಕಾನೂನಿನಂತೆ ಟರ್ಕಿಯಿಂದ ಪುರಾತನ ವಸ್ತುಗಳನ್ನು ಹೊರಗೆ ಒಯ್ಯುವಂತಿಲ್ಲ. ಹಳತಾಗಿ ಕಾಣುವ ಗಂಬಳಿಗೆ, ಅದು ಆ ವರ್ಗಕ್ಕೆ ಸೇರಿಲ್ಲ ಎಂಬ ವಸ್ತುಸಂಗ್ರಹಾಲಯದ ಪತ್ರವನ್ನು ಅಂಗಡಿಯವನಿಂದಲೇ ಮಾಡಿಸಿಕೊಳ್ಳಬೇಕು. ದಂತ, ಆಮೆಚಿಪ್ಪಿನ ಸಾಮಾನುಗಳನ್ನು ಮುಟ್ಟಲೇಬೇಡಿ.

ತೆರಿಗೆ ಹಿಂದಿರುಗಿಸುವ ಸೌಲಭ್ಯವಿರುವ ಅಂಗಡಿಯಾದರೆ ಅದರ ಫಾರಂ ಬರೆಸಿಕೊಳ್ಳಿ. ಆ ಫಾರಂಗೆ ಕಸ್ಟಮ್ಸ್ ಮುದ್ರೆ ಬೀಳುವುದು ವಸ್ತುವನ್ನು ತೋರಿಸಿದರೆ ಮಾತ್ರ, ಅದೂ ಪೆಟ್ಟಿಗೆ ವಿಮಾನದ ಬೆಲ್ಟಿಗೆ ಸೇರುವ ಮೊದಲು. ಪ್ರತಿ ಪ್ರವಾಸದ ಕೊನೆಯ ರಾತ್ರಿ ಇದನ್ನು ಎರಡು ಸಲ ಹೇಳುತ್ತೇನೆ. ಆದರೂ ಮರುದಿನ ಬೆಳಗ್ಗೆ ಒಬ್ಬರಾದರೂ ಮುದ್ರೆ ಹಾಕುವ ಕಿಟಕಿಯ ಮುಂದೆ ಫಾರಂ ಹಿಡಿದು ನಿಂತಿರುತ್ತಾರೆ, ಗಂಬಳಿ ಆಗಲೇ ಬೆಲ್ಟಿನ ಮೇಲೆ ಒಳಗೆ ಹೋಗಿರುತ್ತದೆ.