ಬ್ರೆಡ್ ಕದ್ದವಳ ಕಥೆ, ಇನ್ನೊಂದು ಸಲ

ಪ್ರಶ್ನೆ: "ಸರ್, ಹಸಿವಿಗೆ ಒಂದು ತುಂಡು ಬ್ರೆಡ್ ಕದ್ದ ಮನೆಗೆಲಸದ ಹೆಣ್ಣುಮಕ್ಕಳನ್ನೂ ಇಂಗ್ಲೆಂಡಿನವರು ಆಸ್ಟ್ರೇಲಿಯಾಕ್ಕೆ ಗಡಿಪಾರು ಮಾಡ್ತಿದ್ರಂತೆ, ಹೌದಾ?"

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಮಗನ ಮನೆಗೆಂದು ಸಿಡ್ನಿಗೆ ಹೋಗಿ ಮೂರು ತಿಂಗಳು ಇದ್ದು ಬಂದವರು ಕೇಳುತ್ತಾರೆ, ಹೋಗದವರೂ ಕೇಳುತ್ತಾರೆ. ಹೆಂಗಸರನ್ನು ಸಾಗಿಸಿದ್ದು ನಿಜ. ಅವರಲ್ಲಿ ಮನೆಗೆಲಸ ಮಾಡಿಕೊಂಡಿದ್ದವರು ಬಹಳ ಜನ ಎನ್ನುವುದೂ ನಿಜ. ಕಳ್ಳತನಕ್ಕೇ ಎನ್ನುವುದೂ ನಿಜ. ಬ್ರೆಡ್ ವಿಷಯ ಮಾತ್ರ ಬಿಟ್ಟುಬಿಡಿ, ದಯವಿಟ್ಟು.

ಹಾಗೆಯೇ "ಗಡಿಪಾರು" ಎನ್ನುವ ಪದವನ್ನೂ. ಗಡಿಪಾರು ಅಂದರೆ ರೌಡಿಯನ್ನು ಪಕ್ಕದ ಜಿಲ್ಲೆಗೆ ಅಟ್ಟುವುದು. ಇದು ಬೇರೆ. ಸಮುದ್ರ ದಾಟಿಸಿ, 7 ವರ್ಷ, 14 ವರ್ಷ ಅಥವಾ ಜೀವ ಇರುವ ತನಕ ಅಲ್ಲೇ ಇಟ್ಟು ದುಡಿಸುವ ಶಿಕ್ಷೆ. ನಮ್ಮ ಅಂಡಮಾನಿನ ಕರಿನೀರಿನ ಶಿಕ್ಷೆ ನೆನಪಿಸಿಕೊಳ್ಳಿ, ಅದರ ಅಕ್ಕ ಇದು. 1788ರಿಂದ 1868ರ ತನಕ ಸುಮಾರು 1,62,000 ಜನರನ್ನು ಹೀಗೆ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಅದರಲ್ಲಿ ಹೆಂಗಸರು ಸುಮಾರು 25,000.

ಈಗ ಬ್ರೆಡ್. ಸ್ವಲ್ಪ ಲೆಕ್ಕ ಮಾಡೋಣ, ಕಷ್ಟವೇನಿಲ್ಲ. ಒಂದು ಪೌಂಡಿಗೆ 20 ಶಿಲಿಂಗ್, ಒಂದು ಶಿಲಿಂಗಿಗೆ 12 ಪೆನ್ನಿ. 1780ರ ದಶಕದಲ್ಲಿ ಲಂಡನ್ನಿನಲ್ಲಿ ಒಂದು ದೊಡ್ಡ ಬ್ರೆಡ್ಡಿಗೆ, ಅಂದರೆ ಒಂದು ಸಂಸಾರ ಕೂತು ತಿನ್ನುವಷ್ಟು ದಪ್ಪದ್ದಕ್ಕೆ, ಸುಮಾರು 6-7 ಪೆನ್ನಿ. ಆ ಕಾಲದ ಕಾನೂನಿನಲ್ಲಿ ಒಂದು ಶಿಲಿಂಗಿಗಿಂತ ಕಡಿಮೆ ಬೆಲೆಯ ಕಳ್ಳತನ ಸಣ್ಣ ಕಳ್ಳತನ. ಅದಕ್ಕೂ ಹಡಗು ಹತ್ತಿಸಲು ಅವಕಾಶ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಸಾಮಾನ್ಯವಾಗಿ ಬೀಳುತ್ತಿದ್ದದ್ದು ಚಾಟಿಯೇಟು. ಒಂದು ಬ್ರೆಡ್ ಕದ್ದವಳನ್ನು ಎಂಟು ತಿಂಗಳು ಊಟ ಹಾಕಿ ಹಡಗಿನಲ್ಲಿ ಒಯ್ಯುವ ಖರ್ಚು ನೋಡಿ. ಬ್ರಿಟಿಷರು ಏನೇ ಇರಲಿ, ಲೆಕ್ಕದಲ್ಲಿ ದಡ್ಡರಲ್ಲ ಅಲ್ವಾ?

ಮತ್ತೆ ಕದ್ದದ್ದೇನು? ಬಟ್ಟೆ. ಬಟ್ಟೆ, ಬಟ್ಟೆ, ಮತ್ತೆ ಬಟ್ಟೆ. ನಡುವೆ ಒಂದೆರಡು ಬೆಳ್ಳಿ ಚಮಚ. ಇದನ್ನು ಹೇಳಿದಾಗೆಲ್ಲ ಜನರ ಮುಖ ಸಪ್ಪೆಯಾಗುತ್ತದೆ, ಬ್ರೆಡ್ಡಿನಲ್ಲಿರುವ ಕಣ್ಣೀರು ಲಂಗದಲ್ಲಿ ಇಲ್ಲವಂತೆ.

1788ರಲ್ಲಿ ಸಿಡ್ನಿ ಮುಟ್ಟಿದ ಮೊದಲ ಹನ್ನೊಂದು ಹಡಗುಗಳಲ್ಲಿ ಬಂದ ಹೆಂಗಸರಲ್ಲಿ ಎಲ್ಲರಿಗಿಂತ ಚಿಕ್ಕವಳು ಎಲಿಜಬೆತ್ ಹೇವರ್ಡ್. ವಿಚಾರಣೆ ಆದಾಗ ವಯಸ್ಸು 13. ಮರದ ಅಟ್ಟೆಯ ಪಾದರಕ್ಷೆ ಮಾಡುವವನ ಹತ್ತಿರ ಕೆಲಸಕ್ಕಿದ್ದ ಹುಡುಗಿ. ಕದ್ದದ್ದು ಒಂದು ಲಿನನ್ ಗೌನು, ಒಂದು ರೇಷ್ಮೆ ಟೋಪಿ, ಅಂಥವೇ. ಎಲ್ಲ ಸೇರಿ 7 ಶಿಲಿಂಗ್. ಶಿಕ್ಷೆ 7 ವರ್ಷ. ಶಿಲಿಂಗಿಗೊಂದು ವರ್ಷ ಎಂದು ಸುಮ್ನೆ ತಮಾಷೆಗೂ ಹೇಳಲು ಮನಸ್ಸು ಬರುವುದಿಲ್ಲ. ಅದು ಎಷ್ಟು ದುಡ್ಡು ಅಂತೀರಾ? ಮನೆಗೆಲಸದ ಹುಡುಗಿಗೆ ಊಟ, ಮಲಗಲು ಜಾಗ ಬಿಟ್ಟು ಕೈಗೆ ಬರುತ್ತಿದ್ದದ್ದು ವರ್ಷಕ್ಕೆ ಐದಾರು ಪೌಂಡ್. ಅಂದರೆ 7 ಶಿಲಿಂಗ್ ಮೂರು ವಾರದ ಸಂಬಳ.

ಈಗಿನ ನಮಗೆ ಬಟ್ಟೆ ಅಗ್ಗ, ಅದಕ್ಕೇ ಇದು ತಲೆಗೆ ಹತ್ತುವುದಿಲ್ಲ. ಆಗ ನೂಲುವುದರಿಂದ ಹೊಲಿಗೆಯ ತನಕ ಬಹುಪಾಲು ಕೈಕೆಲಸ. ಒಂದು ಗೌನನ್ನು ಅಮ್ಮ ಉಟ್ಟು, ಬಿಚ್ಚಿ ಹೊಲಿಸಿ ಮಗಳು ಉಟ್ಟು, ಕೊನೆಗೆ ಹಳೆ ಬಟ್ಟೆ ಸಂತೆಗೆ ಮಾರುತ್ತಿದ್ದರು. ಗಿರವಿ ಅಂಗಡಿಗೆ ಒಯ್ದರೆ ಕೇಳದೆ ದುಡ್ಡು ಕೊಡುತ್ತಿದ್ದರು. ಅಲ್ಲೇ ಸಿಕ್ಕಿಬೀಳುತ್ತಿದ್ದದ್ದೂ. ಕೆಲಸದವಳು ಕಾಣೆ, ಪೆಟ್ಟಿಗೆಯಲ್ಲಿದ್ದ ಗೌನೂ ಕಾಣೆ. ಯಜಮಾನಿ ಬೀದಿಯ ಗಿರವಿ ಅಂಗಡಿಗಳನ್ನು ಒಂದೊಂದಾಗಿ ಹೊಕ್ಕು ಹುಡುಕುತ್ತಾಳೆ. ಅಂಗಡಿಯವನು ಅದೇ ಗೌನನ್ನು ಕೋರ್ಟಿಗೆ ತಂದು ಬಿಚ್ಚಿ ತೋರಿಸುತ್ತಾನೆ. ಹುಡುಗಿಯ ಸೆರಗಿನ ಗಂಟಿನಲ್ಲಿ, ಅಲ್ಲ, ಅವರಿಗೆ ಸೆರಗಿಲ್ಲ, ಜೇಬಿನಲ್ಲಿ ಗಿರವಿ ಚೀಟಿ. ಕೇಸು ಹತ್ತೇ ನಿಮಿಷ.

ಮನೆಯೊಳಗಿನ ಕಳ್ಳತನಕ್ಕೆ ಕಾನೂನು ಇನ್ನೂ ಬಿಗಿ. 1713ರಲ್ಲಿ, ಮುಖ್ಯವಾಗಿ ಕೆಲಸದವರನ್ನೇ ಕಣ್ಣಲ್ಲಿಟ್ಟುಕೊಂಡು, ಮನೆಯೊಳಗೆ 40 ಶಿಲಿಂಗ್ ಬೆಲೆಯದ್ದನ್ನು ಕದ್ದರೆ ನೇಣು ಎಂದು ಮಾಡಿದ್ದರು. ಆದರೆ ಚಮಚಕ್ಕೆ ಹುಡುಗಿಯನ್ನು ನೇಣಿಗೇರಿಸಲು ಪಂಚಾಯ್ತಿದಾರರಿಗೆ, ಅಂದರೆ ಜ್ಯೂರಿಗಳಿಗೆ, ಮನಸ್ಸಿರಲಿಲ್ಲ. ಅವರು ಮಾಡಿದ ಉಪಾಯ ಏನು ಗೊತ್ತಾ? ಎಷ್ಟೇ ಬೆಲೆ ಬಾಳಲಿ, "39 ಶಿಲಿಂಗ್" ಎಂದು ತೀರ್ಪು ಕೊಡುವುದು. ಹಳೆಯ ಕೋರ್ಟ್ ದಾಖಲೆಗಳಲ್ಲಿ ಈ 39 ಮತ್ತೆ ಮತ್ತೆ ಬರುತ್ತದೆ. ಆ ಒಂದು ಶಿಲಿಂಗ್ ಸುಳ್ಳಿನಲ್ಲಿ ಜೀವ ಉಳಿಯುತ್ತಿತ್ತು, ಹಡಗು ಹತ್ತಬೇಕಾಗುತ್ತಿತ್ತು. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟದ ಭಾಗ ಇದು, ಮತ್ತು ಇದನ್ನು ಯಾರೂ ಕೇಳುವುದಿಲ್ಲ.

"ತಿನ್ನುವುದನ್ನು ಯಾರೂ ಕದಿಯಲೇ ಇಲ್ವಾ?" ಎಂದು ಹಟ ಹಿಡಿಯುವವರಿಗೆ: ಕದ್ದವರಿದ್ದಾರೆ. ಅದೇ ಮೊದಲ ಹಡಗುಗಳಲ್ಲಿ ಎಲಿಜಬೆತ್ ಬೆಕ್‌ಫರ್ಡ್ ಎಂಬ 70ರ ಮುದುಕಿ ಇದ್ದಳು. ಅವಳು ಕದ್ದದ್ದು 12 ಪೌಂಡ್ ತೂಕದ ಚೀಸ್, ಅಂದರೆ ಐದೂವರೆ ಕಿಲೋ ಹತ್ತಿರ ಹತ್ತಿರ. ಅದು ಒಂದು ಹೊತ್ತಿನ ಹಸಿವಿನ ಲೆಕ್ಕವಲ್ಲ, ಮಾರುವ ಲೆಕ್ಕ. ಬಡತನ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಬಡವರು ಹೊಟ್ಟೆಗೆ ಬ್ರೆಡ್ಡನ್ನೇ ಕದಿಯಬೇಕೆಂದಿಲ್ಲ, ಗೌನು ಕದ್ದು ಗಿರವಿ ಇಟ್ಟು ಬ್ರೆಡ್ ಕೊಳ್ಳಬಹುದು. ಕದಿಯಲಿಕ್ಕೂ ಅವರಿಗೆ ಬುದ್ಧಿ ಇತ್ತು ಎಂದು ಒಪ್ಪಿಕೊಳ್ಳಲು ನಮಗೇಕೆ ಕಷ್ಟ? ಬ್ರೆಡ್ ಕದ್ದು ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತವನು ಒಂದು ಫ್ರೆಂಚ್ ಕಾದಂಬರಿಯ ನಾಯಕ. ಅವನು ಆಸ್ಟ್ರೇಲಿಯಾಕ್ಕೆ ಹೋಗಲಿಲ್ಲ. ಹೆಂಗಸೂ ಅಲ್ಲ.

ತಮಾಷೆ ಎಂದರೆ, ತಿನ್ನುವುದನ್ನು ಕದ್ದು ಪ್ರಾಣ ಕಳೆದುಕೊಂಡದ್ದು ಸಿಡ್ನಿಯಲ್ಲೇ. ಹಡಗುಗಳು ಲಂಗರು ಹಾಕಿ ಒಂದು ತಿಂಗಳಾಗಿತ್ತು, ಉಗ್ರಾಣದಿಂದ ಆಹಾರ ಕದ್ದ ಎಂದು ಥಾಮಸ್ ಬ್ಯಾರೆಟ್ ಎಂಬ ಕೈದಿಯನ್ನು 1788ರ ಫೆಬ್ರವರಿಯಲ್ಲಿ ನೇಣು ಹಾಕಿದರು. ಅಲ್ಲಿ ನಿಜಕ್ಕೂ ಹಸಿವಿತ್ತು. ಕಲ್ಕತ್ತೆಗೆ ಹಡಗು ಕಳಿಸಿ 1792ರಲ್ಲಿ ಅಕ್ಕಿ, ರವೆ, ಬೇಳೆ ತರಿಸಿದರು. ಇಂಗ್ಲೆಂಡಿನ ಕಳ್ಳಿಯರು ನಮ್ಮ ಬೇಳೆ ಬೇಯಿಸಿದ್ದನ್ನು ನೆನೆದರೆ ನನಗೆ ನಗು ಬರುತ್ತದೆ, ಹಾಗೆಯೇ ಪಾಪ ಅನಿಸುತ್ತದೆ. ಒಗ್ಗರಣೆ ಯಾರು ಹೇಳಿಕೊಟ್ಟಿರುತ್ತಾರೆ?

ಸರಿ, ನೀವು ಕೇಳದ ಪ್ರಶ್ನೆ: ಶಿಕ್ಷೆ ಮುಗಿದ ಮೇಲೆ ಇವರು ವಾಪಸ್ ಹೋದರಾ? ಹೆಚ್ಚಿನವರು ಇಲ್ಲ. ಸರ್ಕಾರ ಕಳಿಸುವಾಗ ಹಡಗಿನ ಖರ್ಚು ಕೊಟ್ಟಿತು, ವಾಪಸ್ ಬರಲು ಕೊಡಲಿಲ್ಲ. ಗಂಡಸಾದರೆ ಹಡಗಿನಲ್ಲಿ ಕೂಲಿ ಮಾಡಿಕೊಂಡು ಹೋಗಬಹುದಿತ್ತು. ಹೆಂಗಸನ್ನು ಹಡಗಿನ ಕೆಲಸಕ್ಕೆ ಯಾರು ಸೇರಿಸಿಕೊಳ್ಳುತ್ತಾರೆ? ಆಸ್ಟ್ರೇಲಿಯಾದ 20 ಡಾಲರ್ ನೋಟಿನಲ್ಲಿ ಒಬ್ಬಳು ಅಜ್ಜಿ ಇದ್ದಾಳಲ್ಲ, ಮೇರಿ ರೀಬಿ, ಅವಳೂ ಕೆಲಸಕ್ಕಿಟ್ಟ ಮನೆಯಿಂದ ಓಡಿಹೋಗಿ ಕುದುರೆ ಕದ್ದು ಬಂದವಳೇ. ಹಡಗು, ಅಂಗಡಿ, ಜಮೀನು ಎಂದು ಅಲ್ಲೇ ದೊಡ್ಡ ವ್ಯಾಪಾರಿಯಾದಳು.

ಇನ್ನೊಬ್ಬಳು ಮಾರ್ಗರೆಟ್ ಕ್ಯಾಚ್‌ಪೋಲ್. ಇಪ್ಸ್‌ವಿಚ್ ಊರಿನಲ್ಲಿ ಕೊಬೋಲ್ಡ್ ಎಂಬ ದೊಡ್ಡ ಮನೆತನದಲ್ಲಿ ಅಡುಗೆ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದ್ದವಳು. 1797ರಲ್ಲಿ ಅದೇ ಮನೆಯ ಕುದುರೆ ಕದ್ದು, ರಾತ್ರೋರಾತ್ರಿ ಸುಮಾರು 110 ಕಿಲೋಮೀಟರ್ ಓಡಿಸಿ ಲಂಡನ್ ಸೇರಿ, ಮಾರಲು ಹೋಗಿ ಸಿಕ್ಕಿಬಿದ್ದಳು. ನೇಣು ಎಂದರು, ಆಮೇಲೆ 7 ವರ್ಷ ಸಾಗಣೆ ಎಂದರು. ಹಡಗಿಗೆ ಕಾಯುತ್ತ ಜೈಲಿನಲ್ಲಿದ್ದವಳು 1800ರಲ್ಲಿ ಬಟ್ಟೆ ಒಣಗಿಸುವ ಹಗ್ಗ ಹಿಡಿದು 22 ಅಡಿ ಗೋಡೆ ಹತ್ತಿ ಪರಾರಿ. ಮತ್ತೆ ಸಿಕ್ಕಳು, ಮತ್ತೆ ನೇಣು, ಮತ್ತೆ ಮಾಫಿ, ಈ ಸಲ ಜೀವಾವಧಿ. ಪ್ರಿಯಕರನಿಗಾಗಿ ಕುದುರೆ ಕದ್ದಳು ಎನ್ನುವ ಕಥೆ ಆ ಯಜಮಾನನ ಮಗನೇ 1845ರಲ್ಲಿ ಕಾದಂಬರಿ ಬರೆದು ಹಬ್ಬಿಸಿದ್ದು. ಅದರ ಬಗ್ಗೆ ಪ್ರಶ್ನೆ ಕಳಿಸಬೇಡಿ, ಇನ್ನೊಂದು ದಿನ ಹಾಳಾಗುತ್ತದೆ.

1801ರ ಡಿಸೆಂಬರಿನಲ್ಲಿ ಸಿಡ್ನಿಗೆ ಬಂದಳು. ಅಡುಗೆ ಮಾಡಿದಳು, ಸೂಲಗಿತ್ತಿಯಾದಳು, ಸಣ್ಣ ಜಮೀನು ನೋಡಿಕೊಂಡಳು, ಮದುವೆ ಆಗಲಿಲ್ಲ. ಹಾಕ್ಸ್‌ಬರಿ ನದಿಯ ನೆರೆ ಕಣ್ಣಾರೆ ಕಂಡು ಊರಿಗೆ ಕಾಗದ ಬರೆದಳು. ಯಾರಿಗೆ ಅಂತೀರಿ? ಯಾರ ಮನೆ ಕುದುರೆ ಕದ್ದಿದ್ದಳೋ ಆ ಯಜಮಾನಿಗೂ. ಕಾಗುಣಿತ ಪೂರ್ತಿ ಎಡವಟ್ಟು, ಆದರೆ ಆ ಕಾಲದ ಸಿಡ್ನಿಯನ್ನು ಕೈದಿ ಹೆಂಗಸಿನ ಕಣ್ಣಿನಿಂದ ನೋಡಲು ಇಂಥ ಕಾಗದಗಳು ಸಿಗುವುದೇ ಅಪರೂಪ. 1814ರಲ್ಲಿ ಪೂರ್ತಿ ಮಾಫಿ ಸಿಕ್ಕಿತು, ಹೋಗಬಹುದಿತ್ತು. ಹೋಗಲಿಲ್ಲ. 1819ರ ಮೇ ತಿಂಗಳಲ್ಲಿ, ಜ್ವರ ಬಂದ ಒಬ್ಬ ಕುರಿ ಕಾಯುವವನ ಆರೈಕೆಗೆ ಹೋಗಿ, ಅದೇ ಜ್ವರ ಅಂಟಿಸಿಕೊಂಡು ತೀರಿಕೊಂಡಳು.