ರೋಡ್ ಟ್ಯಾಕ್ಸ್ ಕಟ್ಟಾಯ್ತು, ಜಾಮ್ ಯಾಕೆ ಕರಗಲಿಲ್ಲ?

ಹೋದ ವಾರ ಪರೀಕ್ಷೆಗೆಂದು ಒಂದಷ್ಟು ಜನ ಸೇರಿ ಓದಲು ಕೂತಾಗ ಒಬ್ಬರು ಕೇಳಿದ್ದು ಇಷ್ಟು: "ಗಾಡಿ ತಗೊಂಡಾಗಲೇ ತೆರಿಗೆ ಕಟ್ಟಿದ್ದೀನಿ. ಆಮೇಲೂ ಟೋಲ್ ಯಾಕೆ? ಅದರ ಮೇಲೆ ದಟ್ಟಣೆ ಶುಲ್ಕದ ಮಾತು ಬೇರೆ!" ದಟ್ಟಣೆ ಶುಲ್ಕವೆಂದರೆ ಜಾಮ್ ಆಗುವ ಜಾಗಕ್ಕೆ, ಜಾಮ್ ಆಗುವ ಹೊತ್ತಿಗೆ ಗಾಡಿ ತಂದವರಿಂದ ತೆಗೆದುಕೊಳ್ಳುವ ದುಡ್ಡು. ಅಲ್ಲಿ ಬಾಯಿಗೆ ಬಂದದ್ದು ಹೇಳಿ ಜಾರಿಕೊಂಡೆ. ಮನೆಗೆ ಬಂದು ಓದಿ ಬರೆದುಕೊಂಡದ್ದು ಇಲ್ಲಿದೆ. ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಾತು ಒಂದೇ. ರಸ್ತೆಗೆ ದುಡ್ಡು ಕೂಡಿಸುವುದು ಒಂದು ಕೆಲಸ, ಇರುವ ರಸ್ತೆಯನ್ನು ಸರಿಯಾಗಿ ಹಂಚುವುದು ಇನ್ನೊಂದು. ನಮ್ಮಲ್ಲಿ ಮೊದಲನೆಯದಕ್ಕೆ ದಾರಿ ಹತ್ತಾರಿವೆ, ಎರಡನೆಯದಕ್ಕೆ ಬಹುಮಟ್ಟಿಗೆ ಏನೂ ಇಲ್ಲ.

ಈಗ ಕಟ್ಟುತ್ತಿರುವುದು

ಕರ್ನಾಟಕದಲ್ಲಿ 8 ಲಕ್ಷದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ (ಗಾಡಿ ಕೊಂಡಾಗ ಒಮ್ಮೆಗೇ ಕಟ್ಟುವ ರೋಡ್ ಟ್ಯಾಕ್ಸ್) ಶೇ 14, ಅಂದರೆ 1,12,000 ರೂಪಾಯಿ. ಸೆಸ್ ಬೇರೆ. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಕಾರು ತೆಗೆಯುವ ನಿವೃತ್ತ ಮೇಷ್ಟ್ರೂ ಇಷ್ಟೇ ಕಟ್ಟುತ್ತಾರೆ, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬೆಂಗಳೂರಿನ ಮಾರತಹಳ್ಳಿಯ ಜಾಮ್‌ನಲ್ಲಿ ನಿಲ್ಲುವವರೂ ಇಷ್ಟೇ. ಒಮ್ಮೆ ಕಟ್ಟಿಬಿಟ್ಟ ಮೇಲೆ ಮನಸ್ಸು ಹೇಳುವುದೂ ಅದನ್ನೇ: ಕೊಟ್ಟಾಗಿದೆ, ಓಡಿಸೋಣ.

ಇಂಧನದ ಮೇಲಿನ ತೆರಿಗೆ ಇದಕ್ಕಿಂತ ಸ್ವಲ್ಪ ವಾಸಿ, ಓಡಿಸಿದಷ್ಟೂ ಬೀಳುತ್ತದೆ. ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಪೆಟ್ರೋಲಿಗೆ ಶೇ 29.84 ಆಯಿತು, 2025ರ ಏಪ್ರಿಲ್‌ನಲ್ಲಿ ಡೀಸೆಲಿಗೆ ಶೇ 21.17. ಇದಲ್ಲದೆ ಕೇಂದ್ರದ ರಸ್ತೆ ಸೆಸ್ ಇದೆ. ಆದರೆ ಈ ತೆರಿಗೆಗೆ ದೂರ ಗೊತ್ತು, ಗಡಿಯಾರ ಗೊತ್ತಿಲ್ಲ. ರಾತ್ರಿ ಹನ್ನೊಂದರ ಖಾಲಿ ರಸ್ತೆಯ ಲೀಟರಿಗೂ ಬೆಳಗಿನ ಸಿಲ್ಕ್ ಬೋರ್ಡ್ ಲೀಟರಿಗೂ ಒಂದೇ ದರ. ಎಲೆಕ್ಟ್ರಿಕ್ ಗಾಡಿ ಹೆಚ್ಚಿದ ಹಾಗೆ ಈ ಬುಟ್ಟಿಯೂ ಬರಿದಾಗುತ್ತದೆ.

ಟೋಲ್ ಸಂಗತಿ ಇನ್ನೂ ತಮಾಷೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 24 ಗಂಟೆಯೊಳಗೆ ವಾಪಸಾದರೆ ಒಂದೂವರೆ ಪಟ್ಟು ಕೊಟ್ಟರೆ ಸಾಕು. 2025ರ ಆಗಸ್ಟ್ 15ರಂದು ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಾಗ 3,000 ರೂಪಾಯಿಗೆ 200 ಟ್ರಿಪ್ ಇತ್ತು. ಹೆಚ್ಚು ಓಡಾಡಿದವರಿಗೆ ಅಗ್ಗ! ಹಾಕಿದ ಬಂಡವಾಳ ತೆಗೆಯಲು ಇದು ಸರಿಯೇ ಇರಬಹುದು, ದಟ್ಟಣೆ ಇಳಿಸಲು ಮಾತ್ರ ಪೂರಾ ಉಲ್ಟಾ.

ಒಂಬತ್ತು ಗಂಟೆಯ ಗಾಡಿ

ಈ ಭಾಗವನ್ನು ನಿಧಾನವಾಗಿ ಓದಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಒಂದು ಫ್ಲೈಓವರ್ ಬಾಯಲ್ಲಿ ಎರಡು ಸೆಕೆಂಡಿಗೆ ಒಂದು ಗಾಡಿ ದಾಟುತ್ತದೆ ಎಂದುಕೊಳ್ಳಿ. ಎಂಟಕ್ಕೆ ಕಟ್ಟಿದ ಸಾಲು ಕರಗುವುದು ಹತ್ತೂವರೆಗೆ. ಒಂಬತ್ತಕ್ಕೆ ದಾಟಿದ ಒಂದು ಗಾಡಿ ತನ್ನ ಹಿಂದೆ ಹತ್ತೂವರೆವರೆಗೆ ದಾಟುವವರನ್ನೆಲ್ಲ ಎರಡೆರಡು ಸೆಕೆಂಡು ಹಿಂದಕ್ಕೆ ತಳ್ಳುತ್ತದೆ. ಒಂದೂವರೆ ಗಂಟೆಯಲ್ಲಿ ದಾಟುವುದು 2,700 ಗಾಡಿ. ತಲಾ ಎರಡು ಸೆಕೆಂಡೆಂದರೆ 5,400 ಸೆಕೆಂಡು, ಸರಿಯಾಗಿ ಒಂದೂವರೆ ಗಂಟೆ. ಅದೇ ಗಾಡಿ 10.25ಕ್ಕೆ ಬಂದಿದ್ದರೆ ಬೇರೆಯವರಿಗೆ ತಗಲುವ ನಷ್ಟ ಐದೇ ನಿಮಿಷ. ಬೆಳಿಗ್ಗೆ ಆರಕ್ಕೆ ಬಂದಿದ್ದರೆ ಸೊನ್ನೆ.

ಓಡಿಸುವವರಿಗೆ ಕಾಣುವುದು ತಮ್ಮ ಕಾಯುವಿಕೆ ಮಾತ್ರ. ರೇಷನ್ ಅಂಗಡಿಯ ಸಾಲಿನಲ್ಲಿ ನಡುವೆ ನುಗ್ಗಿದವರನ್ನು ಬೈಯುತ್ತೇವೆ. ರಸ್ತೆಯಲ್ಲಿ ಯಾರೂ ನುಗ್ಗಿರುವುದಿಲ್ಲ, ಆದರೂ ಹಿಂದಿನವರಿಗೆ ಆಗುವ ತೊಂದರೆ ಅದೇ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಬಾಹ್ಯ ವೆಚ್ಚ ಎನ್ನುತ್ತಾರೆ. ಈ ಯೋಚನೆಗೆ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಅಡಿಪಾಯ ಹಾಕಿದರು. ಸಾಲಿನ ಈ ಲೆಕ್ಕ 1969ರಲ್ಲಿ ಬರೆದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿಯವರದು. 1996ರಲ್ಲಿ ನೊಬೆಲ್ ಘೋಷಣೆಯಾದ ಮೂರೇ ದಿನಕ್ಕೆ ಅವರು ತೀರಿಕೊಂಡರು, ಪಾಪ.

ಅಗಲ ಮಾಡಿದರೆ ಸಾಲದೇ?

ಸಾಲದು. 2011ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿಅಂಶ ಇಟ್ಟುಕೊಂಡು ತೋರಿಸಿದ್ದು: ಹೆದ್ದಾರಿ ಎಷ್ಟು ಹೆಚ್ಚಿತೋ ವಾಹನಗಳ ಓಡಾಟವೂ ಹೆಚ್ಚುಕಮ್ಮಿ ಅಷ್ಟೇ ಹೆಚ್ಚಿತು. ಜಾಮ್‌ಗೆ ಹೆದರಿ ಮನೆಯಲ್ಲೇ ಇದ್ದವರು, ಬಸ್ ಹತ್ತುತ್ತಿದ್ದವರು, ಬೇಗ ಹೊರಡುತ್ತಿದ್ದವರು ಎಲ್ಲರೂ ಹೊಸ ಲೇನಿಗೆ ಬಂದು ಸೇರುತ್ತಾರೆ. ಹಾಗೆಂದು ರಸ್ತೆಯೇ ಬೇಡ ಎಂದು ಪರೀಕ್ಷೆಯಲ್ಲಿ ಬರೆದುಬಿಡಬೇಡಿ. ಹೆಚ್ಚು ಜನ ಓಡಾಡುವಂತಾಯಿತಲ್ಲ, ಅದೂ ಲಾಭವೇ. ಜಾಮ್ ಕರಗುತ್ತದೆ ಎಂಬ ಭರವಸೆ ಮಾತ್ರ ಸುಳ್ಳು.

ಮಾಡಿ ನೋಡಿದವರು

ಇನ್ನೊಂದು ದಾರಿ, ಹಿಂದಿನವರಿಗೆ ತಗಲುವ ಆ ಬಾಹ್ಯ ವೆಚ್ಚವನ್ನು ಓಡಿಸುವವರ ಜೇಬಿಗೇ ಕಾಣಿಸುವುದು. ದಟ್ಟಣೆ ಶುಲ್ಕ ಮಾಡುವುದು ಅದನ್ನೇ. ಪರೀಕ್ಷೆಯ ಉತ್ತರದಲ್ಲಿ ಬರೆಯಲು ಸ್ವೀಡನ್ನಿನ ಸ್ಟಾಕ್‌ಹೋಮ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 2006ರ ಜನವರಿ 3ರಿಂದ ಜುಲೈ 31ರವರೆಗೆ ಪ್ರಯೋಗಕ್ಕೆಂದು ನಗರದೊಳಕ್ಕೆ ಬರುವ, ಹೊರಹೋಗುವ ವಾಹನಗಳಿಗೆ ಶುಲ್ಕ ಹಾಕಿದರು. ಹೊತ್ತಿಗೆ ತಕ್ಕ ದರ, ರಾತ್ರಿ ಉಚಿತ. ಗಡಿ ದಾಟುವ ವಾಹನ ಸುಮಾರು ಶೇ 20 ಇಳಿಯಿತು. ಪ್ರಯೋಗ ಮುಗಿದು ಶುಲ್ಕ ನಿಂತದ್ದೇ ತಡ, ಗಾಡಿಗಳು ಮತ್ತೆ ಹೆಚ್ಚಿದವು. ಮೊದಲು ಬೇಡವೆನ್ನುತ್ತಿದ್ದ ನಗರದ ಜನ ಸೆಪ್ಟೆಂಬರ್‌ನಲ್ಲಿ ಸಣ್ಣ ಬಹುಮತದಿಂದ ಹೂಂ ಅಂದರು, 2007ರ ಆಗಸ್ಟ್‌ನಲ್ಲಿ ಶುಲ್ಕ ಕಾಯಂ ಆಯಿತು. ಸುತ್ತಲಿನ ಊರುಗಳಲ್ಲಿ ಮತ ಹಾಕಿದವರು ಮಾತ್ರ ಬೇಡವೆಂದೇ ಹೇಳಿದ್ದರು. ಒಳಗಿನವರಿಗೆ ನೆಮ್ಮದಿ, ಹೊರಗಿಂದ ಬರುವವರಿಗೆ ಖರ್ಚು. ಹೊಸಕೋಟೆ, ಆನೇಕಲ್ ಕಡೆಯಿಂದ ಬೆಂಗಳೂರಿಗೆ ಬರುವವರನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಲಂಡನ್ 2003ರ ಫೆಬ್ರವರಿ 17ರಂದು 5 ಪೌಂಡ್ ಶುಲ್ಕ ಶುರು ಮಾಡಿದಾಗ ಸುಮಾರು 300 ಹೆಚ್ಚುವರಿ ಬಸ್ಸುಗಳನ್ನು ಮೊದಲೇ ಅಣಿಮಾಡಿಕೊಂಡಿತ್ತು. ಆರಂಭದ ಲಾಭ ಬರಬರುತ್ತಾ ಸವೆಯಿತು. ಕಾರಣಗಳಲ್ಲೊಂದು, ಆ್ಯಪ್ ಟ್ಯಾಕ್ಸಿಯಂಥ ಬಾಡಿಗೆ ಕಾರುಗಳಿಗೆ 2019ರವರೆಗೂ ಇದ್ದ ವಿನಾಯಿತಿ. ಸಿಂಗಪುರ 1975ರಿಂದಲೇ ಇದನ್ನು ಮಾಡುತ್ತಿದೆ.

ಬೆಂಗಳೂರಿಗೆ ತಂದರೆ

ಇಲ್ಲಿ ನನ್ನ ಲೆಕ್ಕ ಸಿಕ್ಕಿಕೊಳ್ಳುವುದು ಬೈಕಿನಲ್ಲಿ. ಲಂಡನ್, ಸ್ಟಾಕ್‌ಹೋಮ್ ಎರಡೂ ಬೈಕ್‌ಗಳನ್ನು ಶುಲ್ಕದಿಂದ ಬಿಟ್ಟಿವೆ, ಸಿಂಗಪುರ ಬಿಟ್ಟಿಲ್ಲ. ನಮ್ಮ ಊರಿನ ಗಾಡಿಗಳು ಕೋಟಿ ದಾಟಿವೆ, ಅದರಲ್ಲಿ ಹೆಚ್ಚಿನವು ದ್ವಿಚಕ್ರ. ಬಿಟ್ಟರೆ ಕಾರು ಇಟ್ಟವರು ಸ್ಕೂಟರ್ ಹತ್ತುತ್ತಾರೆ, ಆದರೂ ಕಾರಿಗಿಂತ ಅದು ನುಂಗುವ ಜಾಗ ಕಡಿಮೆ. ಹಾಕಿದರೆ, ಊಟ ತಲುಪಿಸಿ ಒಂದೊಂದು ಟ್ರಿಪ್‌ಗೆ ಇಷ್ಟು ಎಂದು ದುಡಿಯುವ ಹುಡುಗ ಗಡಿ ದಾಟಿದಾಗೆಲ್ಲ ಕಟ್ಟಬೇಕು. ಶುಲ್ಕದ ದುಡ್ಡಲ್ಲಿ ಹೆಚ್ಚುವರಿ ಬಿಎಂಟಿಸಿ ಬಸ್ಸು ಬಿಟ್ಟರೂ ಅದರಲ್ಲಿ ಅವನು ಬಿರಿಯಾನಿ ಹೊತ್ತುಕೊಂಡು ಹೋಗಲಾರ. ನಾನಾದರೆ ಮೊದಲಿಗೆ ಕಾರಿಗಷ್ಟೇ, ಔಟರ್ ರಿಂಗ್ ರೋಡಿನಲ್ಲಷ್ಟೇ, ಬೆಳಿಗ್ಗೆ ಸಂಜೆಯ ಹೊತ್ತಿಗಷ್ಟೇ ಆರು ತಿಂಗಳು ಹಾಕಿ, ಆಮೇಲೆ ನಿಲ್ಲಿಸಿ ನೋಡುತ್ತೇನೆ. ಭಾನುವಾರ ಕೂತಾಗ ಇದನ್ನು ಒಪ್ಪದವರು ತಮ್ಮ ಲೆಕ್ಕ ಹಾಕಿಕೊಂಡು ಬನ್ನಿ.