ಪದ ಪರಿಚಯ: ಕನಿಷ್ಠ ವೇತನ

ಇದಕ್ಕಿಂತ ಕಡಿಮೆ ಕೂಲಿಗೆ ಯಾರನ್ನೂ ದುಡಿಸುವಂತಿಲ್ಲ ಎಂದು ಕಾನೂನು ಎಳೆದ ಗೆರೆಯೇ ಕನಿಷ್ಠ ವೇತನ. ‘ಕಡಿಮೆ ಕೊಟ್ಟರೂ ಪರವಾಗಿಲ್ಲ’ ಎಂದು ಕೆಲಸಗಾರನೇ ಸಹಿ ಹಾಕಿಕೊಟ್ಟರೂ ಆ ಸಹಿ ನಡೆಯುವುದಿಲ್ಲ. ಗೆರೆಯ ಮೇಲೆ ಎಷ್ಟು ಬೇಕಾದರೂ ಚೌಕಾಶಿ ಮಾಡಬಹುದು, ಕೆಳಗೆ ಮಾತಿಲ್ಲ.

1894ರಲ್ಲಿ ನ್ಯೂಜಿಲೆಂಡ್, 1896ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಇದಕ್ಕೆ ದಾರಿ ಹಾಕಿಕೊಟ್ಟವು. ಈಗ ಬಹುತೇಕ ದೇಶಗಳಲ್ಲಿ ಇದೆ. ಸ್ವೀಡನ್, ಡೆನ್ಮಾರ್ಕ್‌ನಂಥ ಕೆಲವು ದೇಶಗಳಲ್ಲಿ ಕಾನೂನಿನ ದರ ಇಲ್ಲ, ಅಲ್ಲಿ ಯೂನಿಯನ್ನು ಮತ್ತು ಮಾಲೀಕರ ಒಪ್ಪಂದವೇ ಆ ಕೆಲಸ ಮಾಡುತ್ತದೆ.

ಗೆರೆ ಎಲ್ಲಿ ಎಳೆಯಬೇಕು? ಒಂದು ಕಡೆ ಸಂಸಾರ ನಡೆಯಲು ಎಷ್ಟು ಬೇಕು ಎಂಬ ಲೆಕ್ಕ. ಇನ್ನೊಂದು ಕಡೆ ಎಷ್ಟು ಕೊಟ್ಟರೆ ಕೆಲಸವೇ ಹೋಗದೆ ಉಳಿಯುತ್ತದೆ ಎಂಬ ಲೆಕ್ಕ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1970ರ ಒಡಂಬಡಿಕೆ ಎರಡನ್ನೂ ನೋಡಿ ಅನ್ನುತ್ತದೆ. ಮೊದಲನೆಯದನ್ನು ತೀರಾ ಬಿಡಿಬಿಡಿಯಾಗಿ ಲೆಕ್ಕ ಹಾಕಿದ್ದು ಭಾರತದ 1957ರ ಕಾರ್ಮಿಕ ಸಮ್ಮೇಳನ. ವಯಸ್ಕರೊಬ್ಬರಿಗೆ ದಿನಕ್ಕೆ 2,700 ಕ್ಯಾಲೊರಿ, ನಾಲ್ಕು ಜನರ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಮೇಲೆ ಬಾಡಿಗೆ, ಸೌದೆ, ದೀಪ. ಬಟ್ಟೆಯನ್ನು ಗಜದಲ್ಲಿ ಅಳೆದು ಕೂಲಿ ಕಟ್ಟುವುದು ಓದಲು ವಿಚಿತ್ರ, ಆದರೆ ವಾದ ಮಾಡಲು ಕೈಗೆ ಏನಾದರೂ ಸಿಗುತ್ತದೆ ಅಲ್ವಾ? ಬ್ರಿಟನ್ನಿನ ದಾರಿ ಬೇರೆ. ಅಲ್ಲಿ ಒಂಬತ್ತು ಜನರ ಆಯೋಗವಿದೆ: ಮೂವರು ಕಾರ್ಮಿಕರ ಕಡೆಯವರು, ಮೂವರು ಮಾಲೀಕರ ಕಡೆಯವರು, ಮೂವರು ಎರಡೂ ಕಡೆ ಸೇರದವರು. ಇವರು ಸಲಹೆ ಕೊಡುತ್ತಾರೆ, ಸರ್ಕಾರ ತೀರ್ಮಾನಿಸುತ್ತದೆ, ಹೊಸ ದರ ಏಪ್ರಿಲ್‌ನಲ್ಲಿ ಬರುತ್ತದೆ.

ದರ ಕಟ್ಟುವಾಗ ಎಲ್ಲರೂ ಜಗಳ ಆಡುತ್ತಾರೆ. ನನ್ನ ಪ್ರಕಾರ ಜಾಸ್ತಿ ಜಗಳ ಆಡಬೇಕಾದದ್ದು ಪರಿಷ್ಕರಣೆಯ ಬಗ್ಗೆ. ಬೆಲೆ ಏರುತ್ತಿರುವಾಗ ಸುಮ್ನೆ ನಿಂತ ದರ ಅಂದರೆ ಇಳಿಯುತ್ತಿರುವ ದರ. ಅಮೆರಿಕದ ಕೇಂದ್ರ ಕಾನೂನಿನ ದರ 2009ರ ಜುಲೈನಲ್ಲಿ ಗಂಟೆಗೆ 7.25 ಡಾಲರ್ ಆಯಿತು. 15 ವರ್ಷ ಕಳೆದರೂ ಅಲ್ಲೇ ಇತ್ತು, ಏಕೆಂದರೆ ಅದನ್ನು ಏರಿಸಲು ಪ್ರತಿ ಸಲ ಸಂಸತ್ತೇ ಹೊಸ ಕಾನೂನು ಮಾಡಬೇಕು. ಎಷ್ಟೋ ರಾಜ್ಯಗಳು ಕಾದು ಬೇಸತ್ತು ತಮ್ಮದೇ ಹೆಚ್ಚಿನ ದರ ಇಟ್ಟುಕೊಂಡಿವೆ. ಫ್ರಾನ್ಸ್‌ನಲ್ಲಿ ಯಾರನ್ನೂ ಕಾಯಬೇಕಿಲ್ಲ. ಪ್ರತಿ ಜನವರಿ 1ಕ್ಕೆ ದರ ತಾನಾಗಿ ಪರಿಷ್ಕರಣೆಯಾಗುತ್ತದೆ. ನಡುವೆ ಬೆಲೆ ಸೂಚ್ಯಂಕ ಶೇ. 2ರಷ್ಟು ಏರಿದರೆ ಆಗಲೂ ಏರುತ್ತದೆ. ಅದೂ ಎಲ್ಲರ ಖರ್ಚಿನ ಸೂಚ್ಯಂಕ ಅಲ್ಲ, ಆದಾಯದಲ್ಲಿ ಕೆಳಗಿರುವ ಶೇ. 20ರಷ್ಟು ಮನೆಗಳದ್ದು.

ಇನ್ನು ಜಾರಿ. ಮೋಸ ದರದಲ್ಲಿ ಕಾಣುವುದಿಲ್ಲ, ಗಂಟೆಯಲ್ಲಿ ಅಡಗಿರುತ್ತದೆ. ಕನಿಷ್ಠ ದರ ಗಂಟೆಗೆ 100 ಅಂತ ಇಟ್ಟುಕೊಳ್ಳಿ, ಯಾವ ದೇಶದ ಹಣವಾದರೂ ಸರಿ. ಎಂಟು ಗಂಟೆಯ ಪಾಳಿಗೆ 800. ಚೀಟಿ ನೋಡಿದರೆ ಎಲ್ಲ ಸರಿ. ಆದರೆ ಅರ್ಧ ಗಂಟೆ ಮೊದಲೇ ಬಂದು ಯಂತ್ರ ಒರೆಸಬೇಕು, ಪಾಳಿ ಮುಗಿದ ಮೇಲೆ ಮುಂದಿನವರು ಬರುವವರೆಗೆ ಇನ್ನರ್ಧ ಗಂಟೆ ನಿಲ್ಲಬೇಕು. ಒಂಬತ್ತು ಗಂಟೆ ಆಯಿತು. ಸಮವಸ್ತ್ರಕ್ಕೆಂದು 50 ಹಿಡಿದರು. ಈಗ 750ನ್ನು ಒಂಬತ್ತರಿಂದ ಭಾಗಿಸಿ: ಗಂಟೆಗೆ 83 ಚಿಲ್ಲರೆ.

ಟಿಪ್ಸ್ ಕೂಲಿಯೊಳಗೆ ಸೇರುತ್ತದೋ ಇಲ್ಲವೋ ಎಂಬುದೂ ಇಂಥದ್ದೇ ತಕರಾರು. ಬ್ರಿಟನ್ನಿನಲ್ಲಿ 2009ರಿಂದ ಸೇರುವುದಿಲ್ಲ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸೇರುತ್ತದೆ: ಮಾಲೀಕ ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕು, ಉಳಿದದ್ದು ಟಿಪ್ಸ್‌ನಿಂದ ತುಂಬಬೇಕು. ತುಂಬದಿದ್ದರೆ ಮಾತ್ರ ಅವನು ಕಟ್ಟಿಕೊಡಬೇಕು.

ಹಾಗಾಗಿ ಇನ್‌ಸ್ಪೆಕ್ಟರ್ ಬಂದರೆ ಸಂಬಳದ ಚೀಟಿಯೊಂದನ್ನೇ ನೋಡಿದರೆ ಸಾಲದು, ಹಾಜರಿ ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಬ್ರಿಟನ್ನಿನಲ್ಲಿ ಸಿಕ್ಕಿಬಿದ್ದವರು ಬಾಕಿಯನ್ನು ಇಂದಿನ ದರದಲ್ಲಿ ಕೊಡಬೇಕು, ಬಾಕಿಯ ಎರಡು ಪಟ್ಟಿನವರೆಗೆ ದಂಡ ಬೀಳಬಹುದು, ಹೆಸರನ್ನೂ ಸರ್ಕಾರ ಪ್ರಕಟಿಸುತ್ತದೆ. ದಂಡಕ್ಕಿಂತ ಹೆಸರು ಹೊರಬೀಳುವುದಕ್ಕೇ ದೊಡ್ಡ ಕಂಪನಿಗಳು ಜಾಸ್ತಿ ಹೆದರುತ್ತವೆ ಅನ್ನಿಸುತ್ತದೆ. ಆದರೆ ಹಾಜರಿ ಪುಸ್ತಕ ಬರೆಯುವವರು ಮಾಲೀಕರೇ. ಅದರಲ್ಲಿ ಎಂಟೇ ಗಂಟೆ ಇದ್ದರೆ, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಎರಡನ್ನೂ ಕೆಲಸಗಾರ ದಿನಾ ಬರೆದಿಟ್ಟುಕೊಂಡ ಸಣ್ಣ ಡೈರಿಯೇ ಆ ಒಂಬತ್ತನೇ ಗಂಟೆಗೆ ಸಾಕ್ಷಿ.